ಗರಡಿಯ ಹೊರಗಿನ ಗುರುಗಳು

ಮೈಯಲ್ಲಿ ಆನೆಯ ಬಲವಿದ್ದೂ ಹತ್ತು ಮಂದಿ ಶಿಷ್ಯರನ್ನು ಒಂದು ವರ್ಷಕಾಲ ಉಳಿಸಿಕೊಳ್ಳಲಾರದ ಉಸ್ತಾದರುಂಟು. ಅವರ ವಿದ್ಯೆಯಲ್ಲಿ ಕೊರತೆಯಿಲ್ಲ, ನಿಷ್ಠೆಯಲ್ಲಿಯೂ ಇಲ್ಲ. ಆದರೂ ಮೊದಲು ದೀಪದೆಣ್ಣೆಗೆ, ಆಮೇಲೆ ಬಾಡಿಗೆಗೆ ತತ್ವಾರವಾಗಿ, ಒಂದು ದಿನ ಗರಡಿಯ ಬಾಗಿಲಿಗೆ ಬೀಗ ಬೀಳುವುದು. ಗುಂಡುಕಲ್ಲನ್ನು ಎತ್ತಬಲ್ಲವನು ಸಂಸ್ಥೆಯೊಂದನ್ನೂ ಎತ್ತಿ ನಿಲ್ಲಿಸಬಲ್ಲನೆಂಬ ನಿಯಮವಿಲ್ಲ. ಆ ಎರಡನೆಯ ವಿದ್ಯೆ ಗರಡಿಯ ಕೆಮ್ಮಣ್ಣಿನಲ್ಲಿ ದೊರೆಯುವುದಲ್ಲ. ಹೊರಗಿನವರಿಂದಲೇ ಅದನ್ನು ಪಡೆಯಬೇಕು. ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ಮಾತು ಪಂಡಿತರಿಗೆ ಹೇಗೋ ಜಟ್ಟಿಗಳಿಗೂ ಹಾಗೆಯೇ ಸಲ್ಲುವುದು.

ಇದಕ್ಕೆ ಯೂಜೆನ್ ಸ್ಯಾಂಡೋವಿನ ಚರಿತ್ರೆ ಒಳ್ಳೆಯ ನಿದರ್ಶನ. ತೋಳಿಲ್ಲದ ಬನಿಯನ್ನಿಗೆ ಅಂಟಿಕೊಂಡು ಈತನ ಹೆಸರು ಕನ್ನಡನಾಡಿನ ಮನೆಗಳಲ್ಲಿಯೂ ಉಳಿದಿದೆ. 1867ರಲ್ಲಿ ಪ್ರಷ್ಯದ ಕ್ಯೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ಜನಿಸಿದ ಈತನು ಮೊದಮೊದಲು ಉಳಿದ ಬಲಶಾಲಿಗಳಂತೆ ಭಾರವೆತ್ತಿ ಹೊಟ್ಟೆ ಹೊರೆದವನು. 1893ರಲ್ಲಿ, ಚಿಕಾಗೋ ನಗರದ ಮಹಾಪ್ರದರ್ಶನದ ಕಾಲದಲ್ಲಿ, ಫ್ಲಾರೆನ್ಸ್ ಝೀಗ್‌ಫೆಲ್ಡ್ ಎಂಬ ತರುಣ ರಂಗವ್ಯವಸ್ಥಾಪಕನು ಈತನನ್ನು ತನ್ನ ರಂಗಮಂದಿರಕ್ಕೆ ಕರೆಸಿಕೊಂಡನು. ಝೀಗ್‌ಫೆಲ್ಡನಿಗೆ ಅಂಗಸಾಧನೆಯ ಗಂಧವಿರಲಿಲ್ಲ. ಪ್ರೇಕ್ಷಕರ ಮುಖವನ್ನು ಓದುವ ವಿದ್ಯೆಯಿತ್ತು. ಜನರು ಬೆರಗಾಗುತ್ತಿರುವುದು ಎತ್ತಿದ ಭಾರವನ್ನು ಕಂಡಲ್ಲ, ಎತ್ತಿದವನ ಮೈಕಟ್ಟನ್ನು ಕಂಡು ಎಂಬುದನ್ನು ಅವನು ಗುರುತಿಸಿದನು. ಭಾರವು ಹಿಂದಕ್ಕೆ ಸರಿಯಿತು, ಮೈಕಟ್ಟು ಮುಂದಕ್ಕೆ ಬಂದಿತು. ತನಗೆ ಯಾವುದು ಹೆಚ್ಚೆಂದು ತೋರುವುದೋ ಅದಲ್ಲ, ಎದುರಿಗಿರುವವನು ಏನನ್ನು ಅರಸಿ ಬಂದಿರುವನೋ ಅದನ್ನು ತಿಳಿಯುವುದೇ ವ್ಯಾಪಾರದ ಮೊದಲ ಪಾಠ. ಸ್ಯಾಂಡೋ ಅದನ್ನು ಕಲಿತದ್ದು ರಂಗಭೂಮಿಯಲ್ಲಿ.

ಉಳಿದ ಪಾಠಗಳೂ ಹೀಗೆಯೇ ಹೊರಗಿನಿಂದ ಬಂದುವು. ನಿಲುವು ಭಂಗಿಗಳಿಗೆ ಪ್ರಾಚೀನ ಗ್ರೀಕರ ಶಿಲಾಪ್ರತಿಮೆಗಳು ಗುರುವಾದುವು. 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಸಂಸ್ಥೆಯನ್ನು ತೆರೆದವನು ಮರುವರ್ಷವೇ ಮಾಸಪತ್ರಿಕೆಯೊಂದನ್ನು ಹೊರಡಿಸಿದನು. ಅಂಚೆಯ ಮೂಲಕವೂ ಪಾಠ ನಡೆಯಿತು. ಗುರುವಿನ ಮುಖವನ್ನೇ ಕಾಣದವರು ಶಿಷ್ಯರಾದರು.

1901ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆತನು ದೇಹಸೌಷ್ಠವದ ದೊಡ್ಡ ಸ್ಪರ್ಧೆಯನ್ನು ನಡೆಸಿದನು. ಅಲ್ಲಿ ಬರಿಯ ಮಾಂಸಖಂಡದ ಗಾತ್ರಕ್ಕೆ ಬೆಲೆಯಿರಲಿಲ್ಲ. ಅಂಗಾಂಗಗಳ ಹೊಂದಿಕೆ, ಆರೋಗ್ಯ, ಚರ್ಮದ ಕಾಂತಿ ಎಲ್ಲವೂ ಲೆಕ್ಕಕ್ಕೆ ಬಂದುವು. ತೀರ್ಪುಗಾರರ ಪೀಠದಲ್ಲಿ ತನ್ನೊಡನೆ ಆತನು ಕೂರಿಸಿಕೊಂಡದ್ದು ಶಿಲ್ಪಿಯಾದ ಚಾರ್ಲ್ಸ್ ಲಾಸ್‌ನನ್ನು ಮತ್ತು ವೈದ್ಯನೂ ಷರ್ಲಾಕ್ ಹೋಮ್ಸನ ಸೃಷ್ಟಿಕರ್ತನೂ ಆದ ಆರ್ಥರ್ ಕಾನನ್ ಡಾಯ್ಲ್‌ನನ್ನು. ತನ್ನ ಕಸಬಿನ ಬೆಲೆಯನ್ನು ಪರರ ಕಣ್ಣಿನಿಂದ ತೂಗಿಸಲು ಅಂಜದವನಲ್ಲಿ ಜನರಿಗೆ ನಂಬಿಕೆ ಹುಟ್ಟುವುದು ಸಹಜ. ಮುಂದಾಳುತನದ ಮರ್ಮವೂ ಇದೇ.

ಆದರೆ ಹೊರಗಿನಿಂದ ಕಲಿಯುವುದು ಬೇರೆ, ಹೊರಗಿನದಕ್ಕೆ ಕೈಹಾಕುವುದು ಬೇರೆ. ಮುಂದೆ ಸ್ಯಾಂಡೋ ತನ್ನ ಹೆಸರಿನ ಕೋಕೋ ಪುಡಿಯ ವ್ಯಾಪಾರಕ್ಕಿಳಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆ ಕಂಪೆನಿ ಮುಳುಗಿತು. ಬಹುಕಾಲದ ಗಳಿಕೆಗೂ ಪೆಟ್ಟು ಬಿದ್ದಿತು. ರಂಗಭೂಮಿಯಿಂದ ತಂದ ವಿದ್ಯೆ ಸಾಧನೆಗೆ ಆಳಾಗಿ ದುಡಿದಿತ್ತು. ಕೋಕೋ ವ್ಯಾಪಾರದಲ್ಲಿ ಸಾಧನೆಯಿಂದ ಬಂದ ಕೀರ್ತಿಯೇ ಪುಡಿಗೆ ಆಳಾಯಿತು.

ಈ ಭೇದವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರೂ ಅಂಚೆಯ ಮೂಲಕ ದೂರದ ಶಿಷ್ಯರಿಗೆ ಪಾಠ ಕಳುಹಿದವರು. ಕೈಲಾಸಂ ಅವರ ಆಪ್ತರಾಗಿ, ನಾಟಕಗಳನ್ನಾಡಿಸಿ, 'ಶಾಂತಲಾ', 'ರೂಪದರ್ಶಿ' ಎಂಬ ಕಾದಂಬರಿಗಳನ್ನು ಬರೆದರು. ಇಷ್ಟೆಲ್ಲ ಮಾಡಿಯೂ ಅವರು ಗರಡಿಯನ್ನು ಬಿಡಲಿಲ್ಲ. ಹತ್ತು ಮಂದಿ ಪಾತ್ರಧಾರಿಗಳನ್ನು ಹೊಂದಿಸಿಕೊಂಡು ನಾಟಕವಾಡಿಸುವುದಕ್ಕೂ ಹತ್ತು ಮಂದಿ ಶಿಷ್ಯರನ್ನು ಪಳಗಿಸುವುದಕ್ಕೂ ಬೇಕಾದ ತಾಳ್ಮೆ ಒಂದೇ. ಸಣ್ಣ ಪಾತ್ರದವನನ್ನು ಅಲಕ್ಷಿಸಿದರೆ ನಾಟಕ ಕೆಡುವಂತೆ, ಬಡಕಲು ಹುಡುಗನನ್ನು ಅಲಕ್ಷಿಸಿದರೆ ಗರಡಿಯೂ ಕೆಡುವುದು.

ಹಸು ಎಲ್ಲೆಲ್ಲಿಯೋ ಮೇಯುವುದು. ಆದರೆ ಹಾಲು ಕರೆಯುವುದು ತನ್ನ ಕೊಟ್ಟಿಗೆಯಲ್ಲಿ. ಸಂಸ್ಥೆಯನ್ನು ಕಟ್ಟಹೊರಟ ಉಸ್ತಾದನಿಗೆ ಇದಕ್ಕಿಂತ ಹೆಚ್ಚಿನ ನೀತಿ ಬೇಕಾಗಲಾರದು.