ಬೆಣ್ಣೆಗುಂಡಿ ಘಾಟಿಯಲ್ಲಿ ಅಮ್ಮ, ಮಗಳು, ಎರಡು ಸೈಕಲ್ಲು

“ಅಮ್ಮಾ, ನಾನು ಮುಂದೆ ಹೋಗ್ಲಾ?”

ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ಎಂಬ ಗುಡ್ಡಗಾಡಿನಲ್ಲಿ, ಬಟರ್‌ಟಬ್ಸ್ ಘಾಟಿಯನ್ನು ಅರ್ಧ ಏರಿದ್ದಾಗ ಹದಿನಾಲ್ಕು ವರ್ಷದ ಮಗಳು ಹಿಂದಿನಿಂದ ಹೀಗೆ ಕೇಳಿದಳು. ಎಂಟು ವರ್ಷಗಳಿಂದ ನಾವಿಬ್ಬರೂ ಜೊತೆಯಾಗಿ ಸೈಕಲ್ ತುಳಿಯುತ್ತಿದ್ದೇವೆ. ಇಷ್ಟು ದಿನವೂ ಮುಂದೆ ನಾನು, ಹಿಂದೆ ಅವಳು. “ಹೋಗು” ಎನ್ನಲು ನನಗೆ ಉಸಿರಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ಸುಮ್ಮನೆ ತಲೆಯಾಡಿಸಿದೆ.

ಆಮೇಲೆ ಏನಾಯಿತು ಎನ್ನುವ ಮೊದಲು, ಶಿರಸಿ ಹತ್ತಿರದ ಹಳ್ಳಿಯ ನಾನು ಅಲ್ಲಿಗೆ ಹೇಗೆ ತಲುಪಿದೆ ಎಂದು ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಸೈಕಲ್ ಇದ್ದದ್ದು ಒಂದೇ. ಅದು ಅಣ್ಣನದು. ಹೈಸ್ಕೂಲಿಗೆ ನಾನು ಅದರ ಕ್ಯಾರಿಯರ್ ಮೇಲೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಕಾಣುತ್ತಿದ್ದದ್ದು ಬೆವರಿಗೆ ಒದ್ದೆಯಾದ ಅಣ್ಣನ ಅಂಗಿಯ ಬೆನ್ನು ಮಾತ್ರ. “ನಾನೂ ಕಲೀತೀನಿ” ಎಂದರೆ, “ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ಮದುವೆ ಆಗ್ತಾರೆ?” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಡುವ ಯೋಜನೆ ಬಂದದ್ದು 2006ರಲ್ಲಿ. ಅಷ್ಟರಲ್ಲಿ ನಾನು ನರ್ಸಿಂಗ್ ಓದಿ ಮುಗಿಸಿದ್ದೆ.

ಮುಂದೆ ಕೆಲಸ ಲೀಡ್ಸ್ ನಗರಕ್ಕೆ ಕರೆತಂದಿತು. ಮಗಳಿಗೆ ಆರು ವರ್ಷವಾದಾಗ ರೌಂಡ್‌ಹೇ ಪಾರ್ಕಿನಲ್ಲಿ ಅವಳಿಗೆ ಸೈಕಲ್ ಕಲಿಸಲು ಹೋದೆ. ಹಿಡಿದು ಓಡಿ ಓಡಿ ಸಾಕಾಗಿ, ಹಳೆಯದೊಂದು ಸೈಕಲ್ ಕೊಂಡು ನಾನೂ ಕಲಿಯತೊಡಗಿದೆ. ಆಗ ನನಗೆ ಮೂವತ್ತೆಂಟು. ಆ ಬೇಸಿಗೆಯಲ್ಲಿ ಅವಳು ಬಿದ್ದದ್ದಕ್ಕಿಂತ ನಾನು ಬಿದ್ದದ್ದೇ ಹೆಚ್ಚು. ಕೈಕಾಲು ಮಾತ್ರ ಮುರಿಯಲಿಲ್ಲ!

ಈ ಸಲ ಜೂನ್ ತಿಂಗಳ ಒಂದು ಶುಕ್ರವಾರ ಸಂಜೆ ಲೀಡ್ಸ್‌ನಿಂದ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಹೊರಟೆವು. ಸೆಟಲ್–ಕಾರ್ಲೈಲ್ ಎಂಬ ಈ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಲು ಶುರುವಾದದ್ದು 1876ರಲ್ಲಿ. ರಿಬಲ್‌ಹೆಡ್ ಎಂಬಲ್ಲಿ 24 ಕಮಾನುಗಳ ಕಲ್ಲಿನ ಸೇತುವೆ ದಾಟುವಾಗ ಮಗಳು ಕಿಟಕಿಗೆ ಮೂಗೊತ್ತಿ ಎಣಿಸಿದಳು. 1980ರ ದಶಕದಲ್ಲಿ ಈ ಮಾರ್ಗವನ್ನೇ ಮುಚ್ಚಲು ಹೊರಟಾಗ ಜನ ಸಾಲುಗಟ್ಟಿ ಆಕ್ಷೇಪ ಸಲ್ಲಿಸಿದರಂತೆ. ಅದರಲ್ಲಿ ಸಹಿಯ ಬದಲು ಪಂಜದ ಗುರುತು ಒತ್ತಿದ್ದ ಒಂದು ನಾಯಿಯೂ ಇತ್ತು. ಅದರ ಹೆಸರು ರಸ್ವಾರ್ಪ್. 1989ರಲ್ಲಿ ಮಾರ್ಗ ಉಳಿಯಿತು. ನಾವು ಇಳಿದ ಗಾರ್ಸ್‌ಡೇಲ್ ನಿಲ್ದಾಣದಲ್ಲಿ ಆ ನಾಯಿಯ ಕಂಚಿನ ಪ್ರತಿಮೆಯಿದೆ. ಅದರ ತಲೆ ಸವರಿ, ಸುಮಾರು ಹತ್ತು ಕಿಲೋಮೀಟರ್ ತುಳಿದು ಹಾಸ್ ಎಂಬ ಊರು ಸೇರಿದೆವು. ಹಾಸನದ ಬಾಲ ಕತ್ತರಿಸಿದಂಥ ಹೆಸರು. ಊರೂ ಅಷ್ಟೇ ಪುಟ್ಟದು. ವೆನ್ಸ್ಲಿಡೇಲ್ ಚೀಸ್ ತಯಾರಾಗುವ ಊರು ಇದೇ.

‘ಡೇಲ್’ ಎಂದರೆ ಕಣಿವೆ. 1954ರಿಂದ ಈ ಪ್ರದೇಶ ರಾಷ್ಟ್ರೀಯ ಉದ್ಯಾನ. ಉದ್ಯಾನವೆಂದರೆ ಬೇಲಿ ಹಾಕಿದ ಕಾಡಲ್ಲ. ಊರು, ಹೊಲ, ಕುರಿ, ಜನ ಎಲ್ಲ ಒಳಗೇ ಇದ್ದಾರೆ. ನಮ್ಮ ದಾರಿ ಎರಡು ಕಣಿವೆಗಳ ನಡುವಿನ ಗುಡ್ಡವನ್ನು ಎರಡು ಸಲ ದಾಟುವಂಥದು. ಹಾಸ್‌ನಿಂದ ಬಟರ್‌ಟಬ್ಸ್ ಹತ್ತಿ ಆಚೆಯ ಸ್ವೇಲ್‌ಡೇಲ್ ಕಣಿವೆಗೆ ಇಳಿದು, ಮ್ಯೂಕರ್, ಗನ್ನರ್‌ಸೈಡ್, ರೀತ್ ಊರುಗಳ ಮೂಲಕ ಗ್ರಿಂಟನ್ ತಲುಪಬೇಕು. ಅಲ್ಲಿಂದ ಮತ್ತೆ ಗುಡ್ಡ ಹತ್ತಿ ರೆಡ್‌ಮೈರ್‌ಗೆ ಇಳಿದು, ಆಸ್ಕ್ರಿಗ್ ಹಾದು ಹಾಸ್‌ಗೆ ಮರಳಬೇಕು. ಒಟ್ಟು ಸುಮಾರು 60 ಕಿಲೋಮೀಟರ್.

ಘಟ್ಟ ಎಂದರೆ ನನಗೆ ನೆನಪಾಗುವುದು ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ. ನಮ್ಮ ಘಟ್ಟದ ರಸ್ತೆಗಳು ಹಾವಿನಂತೆ ಸುತ್ತಿ ಸುತ್ತಿ, ಏರನ್ನು ಹಂಚಿಕೊಂಡು ಮೇಲೇರುತ್ತವೆ. ಇಲ್ಲಿಯ ಹಳೆಯ ದಾರಿಗಳಿಗೆ ಅಂಥ ಕರುಣೆಯಿಲ್ಲ. ಹೇರು ಹೊತ್ತ ಕುದುರೆ, ಸಂತೆಗೆ ಹೊಡೆದುಕೊಂಡು ಹೋಗುವ ದನಗಳು ತುಳಿದ ಜಾಡುಗಳೇ ಎಷ್ಟೋ ಕಡೆ ಡಾಂಬರು ಕಂಡಿವೆ. ಹಾಗಾಗಿ ರಸ್ತೆ ಗುಡ್ಡಕ್ಕೆ ಏಣಿ ಹಾಕಿದಂತೆ ನೇರ ಹತ್ತಿಬಿಡುತ್ತದೆ. ಕಡಿದಾದ ಕಡೆ ಶೇ 20, ಶೇ 25 ಎಂದು ಫಲಕ ಇರುತ್ತದೆ. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಇಪ್ಪತ್ತು, ಇಪ್ಪತ್ತೈದು ಮೀಟರ್ ಮೇಲೆ ಹೋಗಬೇಕು ಎಂದು ಅದರ ಅರ್ಥ.

ಇದಕ್ಕೆ ಮದ್ದು ಗೇರು. ನನ್ನ ಸೈಕಲ್ಲಿನ ಅತಿ ಹಗುರ ಗೇರಿನಲ್ಲಿ ಮುಂದಿನ ಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೂ 34. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಎರಡು ಮೀಟರಿಗೆ ಚೂರು ಹೆಚ್ಚು ದಾರಿ ಸಾಗುತ್ತದೆ. ನಿಧಾನ ನಿಜ, ಆದರೆ ಮಂಡಿ ಉಳಿಯುತ್ತದೆ. ಗೇರನ್ನು ಏರು ಶುರುವಾಗುವ ಮೊದಲೇ ಇಳಿಸಿಕೊಳ್ಳಬೇಕು. ಏರಿನ ನಡುವೆ, ಸರಪಳಿ ಬಿಗಿದಿರುವಾಗ ಬದಲಿಸಲು ಹೋದರೆ ಅದು ಕಟಕಟ ಎಂದು ಹಲ್ಲು ಕಡಿಯುತ್ತದೆ.

ಶುಕ್ರವಾರ ರಾತ್ರಿ ಒಂಬತ್ತಾದರೂ ಬೆಳಕಿತ್ತು. ಚಿಕ್ಕಿ, ಬಾಳೆಹಣ್ಣು ಚೀಲಕ್ಕೆ ತುಂಬುತ್ತಾ ಮಗಳಿಗೆ ಬೆರಿಲ್ ಬರ್ಟನ್ ಕಥೆ ಹೇಳಿದೆ. ಬೆರಿಲ್ ಇದೇ ಯಾರ್ಕ್‌ಷೈರ್‌ನವರು, 1937ರಲ್ಲಿ ಲೀಡ್ಸ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಹೆಚ್ಚು ಶ್ರಮ ಪಡಬಾರದೆಂದು ವೈದ್ಯರು ಹೇಳಿದ್ದರು. ಮುಂದೆ ಅವರು ತೋಟದಲ್ಲಿ ರೂಬಾರ್ಬ್ ಬೆಳೆಯುವ ಮೈಮುರಿಯುವ ಕೆಲಸ ಮಾಡುತ್ತಲೇ ಏಳು ಸಲ ವಿಶ್ವ ಚಾಂಪಿಯನ್ ಆದರು. 1967ರಲ್ಲಿ, ಹನ್ನೆರಡು ಗಂಟೆಯಲ್ಲಿ ಯಾರು ಹೆಚ್ಚು ದೂರ ತುಳಿಯುತ್ತಾರೆಂಬ ಸ್ಪರ್ಧೆಯಲ್ಲಿ, ಗಂಡಸರ ದಾಖಲೆ ಮುರಿಯುವ ದಾರಿಯಲ್ಲಿದ್ದ ಮೈಕ್ ಮೆಕ್‌ನಮಾರಾ ಅವರನ್ನು ಬೆರಿಲ್ ಹಿಂದೆ ಹಾಕಿದರು. ಹಾಕುವಾಗ ಏನಾದರೂ ಕೊಡಬೇಕಲ್ಲ ಎಂದು ಜೇಬಿನಿಂದ ಲಿಕರಿಸ್ ಮಿಠಾಯಿಯೊಂದನ್ನು ತೆಗೆದುಕೊಟ್ಟರು! ಅಂದು ಅವರು ತುಳಿದದ್ದು ಸುಮಾರು 446 ಕಿಲೋಮೀಟರ್. ಎರಡು ವರ್ಷ ಯಾವ ಗಂಡಸಿಗೂ ಅದನ್ನು ಮೀರಲಾಗಲಿಲ್ಲ. ಹೆಂಗಸರ ದಾಖಲೆಯಾಗಿ ಅದು 2017ರವರೆಗೆ ಉಳಿಯಿತು.

“ನಾಳೆ ನಾನೂ ನಿನ್ನ ಹಿಂದೆ ಹಾಕುವಾಗ ಮಿಠಾಯಿ ಕೊಡ್ತೀನಿ” ಎಂದು ಲಿಕರಿಸ್ ಪೊಟ್ಟಣವನ್ನು ನನ್ನ ಜೇಬಿಗೆ ಹಾಕಿಕೊಂಡೆ. ಅವಳು ನಕ್ಕಳು.

ಕಥೆಯ ಉಳಿದ ಭಾಗವನ್ನು ಮಾತ್ರ ಹೇಳಲಿಲ್ಲ. ಬೆರಿಲ್ ಅವರ ಮಗಳು ಡೆನಿಸ್ ಕೂಡ ಸೈಕಲ್ ಸ್ಪರ್ಧಿ. 1976ರ ರಾಷ್ಟ್ರೀಯ ರೋಡ್ ರೇಸಿನ ಕೊನೆಯ ಓಟದಲ್ಲಿ ಮಗಳು ತಾಯಿಯನ್ನು ಸೋಲಿಸಿದಳು. ವೇದಿಕೆಯ ಮೇಲೆ ತಾಯಿ ಮಗಳ ಕೈ ಕುಲುಕಲಿಲ್ಲ. ಮೊದಲ ಸಲ ಇದನ್ನು ಓದಿದಾಗ, “ಎಂಥ ತಾಯಿ!” ಎಂದುಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು. 2014ರಲ್ಲಿ ಟೂರ್ ಡಿ ಫ್ರಾನ್ಸ್ ಸ್ಪರ್ಧೆ ಶುರುವಾದದ್ದು ಲೀಡ್ಸ್‌ನಿಂದ, ಮೊದಲ ದಿನವೇ ಸವಾರರು ಹತ್ತಿದ್ದು ಇದೇ ಬಟರ್‌ಟಬ್ಸ್. ನಾಲ್ಕೂವರೆ ಕಿಲೋಮೀಟರಿನಲ್ಲಿ ಸುಮಾರು ಮುನ್ನೂರು ಮೀಟರ್ ಏರು. “ಆ ದಿನ ಬೆಟ್ಟದ ರಾಜನ ಚುಕ್ಕಿ ಅಂಗಿ ಗೆದ್ದ ಜೆನ್ಸ್ ವೋಯ್ಟ್‌ಗೆ 42 ವರ್ಷ ಆಗಿತ್ತು. ನನಗೆ 46, ಏನು ಮಹಾ?” ಎಂದೆ. “ಅವರು ನೈಟ್ ಡ್ಯೂಟಿ ಮುಗಿಸಿ ಬಂದಿರ್ಲಿಲ್ಲ ಅಮ್ಮ” ಎಂದಳು.

ಎರಡೂ ಕಡೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆಗಳು. ಮೇಲೆ ಹೋದಂತೆ ಗೋಡೆ ಮುಗಿದು ಬಯಲು ಗುಡ್ಡ. ಕುರಿಗಳು ಅತ್ತಿತ್ತ ದಾಟದಿರಲು ರಸ್ತೆಗೆ ಅಡ್ಡವಾಗಿ ಗುಂಡಿ ತೋಡಿ ಮೇಲೆ ಕಬ್ಬಿಣದ ಸರಳುಗಳನ್ನು ಹಾಸಿದ್ದಾರೆ. ಸೈಕಲ್ ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಮುಟ್ಟದೆ ನೇರ ದಾಟಬೇಕು. ಅದನ್ನು ದಾಟಿದ ಮೇಲೆಯೇ ಮಗಳು ಆ ಪ್ರಶ್ನೆ ಕೇಳಿದ್ದು.

ನನ್ನ ಪಕ್ಕಕ್ಕೆ ಬಂದು, “ಮಿಠಾಯಿ ನಿನ್ ಹತ್ರಾನೇ ಇದೆ, ಇಲ್ದಿದ್ರೆ ಕೊಡ್ತಿದ್ದೆ” ಎಂದು ಹೇಳಿ ಮುಂದೆ ಹೋದಳು. ತಮಾಷೆಗೇ ಹೇಳಿದ್ದು. ಆದರೂ ನನಗೆ ನಗು ಬರಲಿಲ್ಲ. ಸೀಟಿನಿಂದ ಎದ್ದು ನಿಂತು ಅವಳನ್ನು ಹಿಡಿಯಲು ತುಳಿದೆ. ಇಪ್ಪತ್ತು ಸುತ್ತಿಗೆ ತೊಡೆ ಉರಿಯಿತು, ಎದೆ ಢವಗುಟ್ಟಿತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚೇ ಎಂದು ನಾಚಿಕೆಯಾಯಿತು. ಹೊಟ್ಟೆಕಿಚ್ಚಷ್ಟೇ ಅಲ್ಲ, ನಾನು ಮೂವತ್ತೆಂಟಕ್ಕೆ ಶುರುಮಾಡಿದ್ದನ್ನು ಅವಳು ಆರಕ್ಕೆ ಶುರುಮಾಡಿದಳು ಎಂಬ ಸಂಕಟವೂ ಇತ್ತು. ಆ ಮೂವತ್ತೆರಡು ವರ್ಷಗಳನ್ನು ಯಾವ ಗೇರೂ ತುಂಬಿಕೊಡುವುದಿಲ್ಲ. ವೇದಿಕೆ ಮೇಲೆ ಕೈ ಹಿಂದಕ್ಕೆಳೆದುಕೊಂಡ ಬೆರಿಲ್ ಆಗ ನನಗೆ ಅರ್ಥವಾದರು.

ಇಳಿದೆ. ಸೈಕಲ್ ತಳ್ಳಿಕೊಂಡು ನೂರು ಹೆಜ್ಜೆ ನಡೆದೆ. ಕುರಿಯೊಂದು ದಾರಿ ಬಿಡದೆ ನನ್ನನ್ನೇ ನೋಡಿತು. ಉಸಿರು ಸರಿಹೋದ ಮೇಲೆ ಮತ್ತೆ ಹತ್ತಿ, ನನ್ನ ಲೆಕ್ಕದಲ್ಲಿ, ನನ್ನ ಗೇರಿನಲ್ಲಿ ತುಳಿದೆ.

ನೆತ್ತಿ ಇರುವುದು 526 ಮೀಟರ್ ಎತ್ತರದಲ್ಲಿ. ಮಗಳು ರಸ್ತೆ ಬದಿ ಹುಲ್ಲಿನ ಮೇಲೆ ಕೂತಿದ್ದಳು. ಮುಖ ಕೆಂಪಾಗಿತ್ತು; ಖುಷಿಯಲ್ಲಿದ್ದಾಳೋ ಹೆದರಿದ್ದಾಳೋ ತಿಳಿಯಲಿಲ್ಲ. “ಬೇಜಾರಾಯ್ತಾ?” ಎಂದಳು. “ಸ್ವಲ್ಪ” ಎಂದೆ. ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ. ಆಮೇಲೆ ಗ್ಲೌಸ್ ಬಿಚ್ಚಿ ಕೈ ಚಾಚಿದೆ. ಯಾಕೆಂದು ತಿಳಿಯದೆ ಅವಳೂ ಕುಲುಕಿದಳು. ಪೊಟ್ಟಣ ಬಿಚ್ಚಿ ಇಬ್ಬರೂ ಮಿಠಾಯಿ ತಿನ್ನುತ್ತಾ ಡೆನಿಸ್ ಕಥೆ ಹೇಳಿದೆ.

“ಆಮೇಲೆ ಅವರು ಮಾತಾಡಿದ್ರಾ?”

“ಹಾಗೆ ಮಾಡಿದ್ದು ಕ್ರೀಡಾಳುವಿಗೆ ತಕ್ಕದ್ದಲ್ಲ ಅಂತ ಬೆರಿಲ್ ಅವರೇ ಮುಂದೆ ಒಪ್ಪಿಕೊಂಡ್ರು. 1982ರಲ್ಲಿ ತಾಯಿ–ಮಗಳು ಒಂದೇ ಟ್ಯಾಂಡಮ್ ಸೈಕಲ್ ತುಳಿದು ಹತ್ತು ಮೈಲಿಯ ರಾಷ್ಟ್ರೀಯ ದಾಖಲೆ ಮಾಡಿದ್ರು.”

ಮಗಳು ಯೋಚಿಸಿ, “ಟ್ಯಾಂಡಮ್‌ನಲ್ಲಿ ಮುಂದೆ ಕೂತವರು ಯಾರು?” ಎಂದಳು. ಇಬ್ಬರಿಗೂ ನಗು ಬಂತು.

ನೆತ್ತಿಯಿಂದ ಸ್ವಲ್ಪ ಇಳಿದರೆ ರಸ್ತೆ ಪಕ್ಕದಲ್ಲೇ ಘಾಟಿಗೆ ಹೆಸರು ಕೊಟ್ಟ ಬೆಣ್ಣೆಗುಂಡಿಗಳು. ಸುಣ್ಣಕಲ್ಲನ್ನು ಮಳೆನೀರು ಸಾವಿರಾರು ವರ್ಷ ಕರಗಿಸಿ ಮಾಡಿದ ಆಳವಾದ ಬಾವಿಗಳಿವು. ಅಂಚಿನಲ್ಲಿ ಜರಿಗಿಡ, ಒಳಗೆ ಕತ್ತಲು. ಸಂತೆಗೆ ಹೊರಟ ರೈತರು ದಣಿವಾರಿಸಿಕೊಳ್ಳುವಾಗ ಬೆಣ್ಣೆ ಕರಗದಿರಲೆಂದು ಈ ತಣ್ಣನೆಯ ಗುಂಡಿಗಳಲ್ಲಿ ಇಳಿಬಿಡುತ್ತಿದ್ದರಂತೆ. ನಮ್ಮಜ್ಜಿ ಬೆಣ್ಣೆಯನ್ನು ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ, ಬೆಕ್ಕಿಗೆ ಸಿಗದಂತೆ ನೆಲುವಿನಲ್ಲಿ ತೂಗುಹಾಕುತ್ತಿದ್ದದ್ದು ನೆನಪಾಯಿತು. ಬೆಣ್ಣೆಯ ಚಿಂತೆ ಎಲ್ಲ ಊರಿನಲ್ಲೂ ಒಂದೇ.

ಇಳಿಜಾರಿನಲ್ಲಿ ಮಾತ್ರ ನಾನೇ ಮುಂದೆ ಹೋದೆ. ತಿರುವಿನೊಳಗೆ ಬ್ರೇಕ್ ಹಿಡಿಯಬಾರದು, ತಿರುವಿಗೆ ಮುಂಚೆಯೇ ವೇಗ ತಗ್ಗಿಸಬೇಕು. ಕುರಿ ಯಾವಾಗ ಬೇಕಾದರೂ ಅಡ್ಡ ಬರಬಹುದು. ಕೆಳಗೆ ಮ್ಯೂಕರ್ ಸುತ್ತ ಹುಲ್ಲುಗಾವಲುಗಳು ಹಳದಿ, ನೇರಳೆ ಹೂವಾಗಿದ್ದವು. ಹೊಲಕ್ಕೊಂದರಂತೆ ಕಲ್ಲಿನ ಕೊಟ್ಟಿಗೆ. ಕೆಳಗೆ ದನ, ಮೇಲೆ ಅಟ್ಟದಲ್ಲಿ ಚಳಿಗಾಲಕ್ಕೆ ಒಣಹುಲ್ಲು ಇಡುವ ಹಳೆಯ ಏರ್ಪಾಡು. ರೀತ್‌ನಲ್ಲಿ ಇಲ್ಲಿಯವರಂತೆ ಹಣ್ಣಿನ ಕೇಕಿನ ಜೊತೆ ಚೀಸ್ ತುಂಡು ತಿಂದೆವು. ಮೊದಲು ಮೂಗು ಮುರಿದ ಮಗಳು ನನ್ನ ಪಾಲನ್ನೂ ಮುಗಿಸಿದಳು.

ಗ್ರಿಂಟನ್ ಗುಡ್ಡದಲ್ಲಿ ಅವಳು ಕೇಳದೆಯೇ ಮುಂದೆ ಹೋದಳು. ನಾನೂ ಬೆನ್ನಟ್ಟಲಿಲ್ಲ. ರೆಡ್‌ಮೈರ್‌ಗೆ ಇಳಿದಾಗ ಮಧ್ಯಾಹ್ನ ಮೂರು. ಇನ್ನು ಕಣಿವೆಯುದ್ದಕ್ಕೂ ಪಶ್ಚಿಮಕ್ಕೆ ಹೋಗಬೇಕು. ಇಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಪಶ್ಚಿಮದಿಂದಲೇ. ಎದುರುಗಾಳಿ ನನ್ನನ್ನು ಹಿಂದಕ್ಕೆ ತಳ್ಳುತ್ತಿತ್ತು. ಹೊಲದ ಗೇಟೊಂದರ ಬಳಿ ಮಗಳು ಕಾಯುತ್ತಿದ್ದಳು.

“ನನ್ನ ಚಕ್ರದ ಹಿಂದೇನೇ ಬಾ ಅಮ್ಮ, ಗಾಳಿ ತಾಗಲ್ಲ” ಎಂದಳು.

ಅದು ನಾನೇ ಅವಳಿಗೆ ಕಲಿಸಿದ ಪಾಠ. ಮುಂದಿನ ಸವಾರ ಗಾಳಿಯನ್ನು ಸೀಳಿದರೆ ಹಿಂದಿನವರ ಶ್ರಮ ಬಹಳಷ್ಟು ಉಳಿಯುತ್ತದೆ. ಏಳೆಂಟು ವರ್ಷ ಅವಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಾನು ಗಾಳಿ ಸೀಳಿದ್ದೆ. ಈಗ ಅವಳು ವೇಗ ತಗ್ಗಿಸಿ, ಆಗಾಗ ತಿರುಗಿ ನೋಡುತ್ತಾ, ರಸ್ತೆಯ ಗುಂಡಿಗಳನ್ನು ಬೆರಳಿನಲ್ಲಿ ತೋರಿಸುತ್ತಾ ಸಾಗಿದಳು. ಕಾರ್ಪರ್ಬಿ ಕಳೆಯಿತು, ಆಸ್ಕ್ರಿಗ್ ಕಳೆಯಿತು. ನನಗೆ ಕಾಣುತ್ತಿದ್ದದ್ದು ಬೆವರಿಗೆ ಒದ್ದೆಯಾದ ಅವಳ ಅಂಗಿಯ ಬೆನ್ನು.

ಅಣ್ಣನ ಕ್ಯಾರಿಯರ್ ನೆನಪಾಯಿತು. ಈ ಸಲ ಕಾಲುಗಳು ಒಂದೇ ಬದಿಗೆ ಇಳಿಬಿದ್ದಿರಲಿಲ್ಲ. ಎರಡೂ ಪೆಡಲಿನ ಮೇಲಿದ್ದವು.