ಪಟ್ಟಿ ಇರೋದೆಲ್ಲ ಕಣಜ ಅಲ್ಲ

ಹಳದಿ-ಕಪ್ಪು ಪಟ್ಟಿಯ ಹುಳ ಕಂಡ್ರೆ ನಾನು ಮೊದಲು ನೋಡೋದು ಅದರ ಮುಖ. ಪುಸ್ತಕದ ಪ್ರಕಾರ ಕಣಜಕ್ಕೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಆದರೆ ಹಾರೋ ಹುಳದ ರೆಕ್ಕೆ ಎಣಿಸೋರು ಯಾರು? ತಲೆ ತುಂಬಾ ಕಣ್ಣು, ಗಿಡ್ಡ ಮೀಸೆ, ಗಾಳಿಯಲ್ಲಿ ಅಲುಗಾಡದೆ ನಿಂತು ಫಕ್ಕನೆ ಪಕ್ಕಕ್ಕೆ ಜಾರೋ ಚಾಳಿ ಇದ್ದರೆ ಅದು ಬಹುಪಾಲು ಹೋವರ್‌ಫ್ಲೈ ಅನ್ನೋ ನೊಣ. ಅದಕ್ಕೆ ಕೊಂಡಿಯೇ ಇಲ್ಲ. ಹಕ್ಕಿಗಳನ್ನು ಹೆದರಿಸೋಕೆ ಹಾಕಿದ ವೇಷ ಅಷ್ಟೆ. ನಿರಪಾಯ ಜೀವಿಗಳ ಇಂಥ ವೇಷವನ್ನು ಹೆನ್ರಿ ಬೇಟ್ಸ್ 1862ರಲ್ಲೇ ಅಮೆಜಾನಿನ ಚಿಟ್ಟೆಗಳಲ್ಲಿ ವಿವರಿಸಿದ್ದ. ಕೆಲವು ನೊಣಗಳಂತೂ ಕಣಜದ ಸಣ್ಣ ಸೊಂಟವನ್ನೂ ನಕಲು ಮಾಡ್ತವೆ!

ಬಂಗಾರಪೇಟೆಯ ನಮ್ಮ ದೊಡ್ಡಮ್ಮನಿಗೆ ಇದೆಲ್ಲ ಬೇಡ. ಒಮ್ಮೆ ಕಣಜ ಕಚ್ಚಿ ಅವರ ಕೈ ಮೊಣಕೈವರೆಗೂ ಊದಿತ್ತು, ಭಯ ಸುಮ್ಮನೆ ಬಂದದ್ದಲ್ಲ. ಹಿತ್ತಲ ಅವರೆ ಹೂವಿಗೆ ಈ ನೊಣ ಬಂದರೆ ಸಾಕು, "ಔಷ್ದಿ ಹೊಡ್ದುಬಿಡಪ್ಪ" ಅಂತಾರೆ. ಹೊಡೆದರೆ ನಷ್ಟ ನಮಗೇ. ಎಷ್ಟೋ ಜಾತಿಯ ಹೋವರ್‌ಫ್ಲೈ ಮರಿಗಳು ಬದುಕೋದೇ ಹೇನು ತಿಂದು. ಅವರೆ ಕುಡಿಗೆ ಮುತ್ತೋ ಕರಿ ಹೇನಿನ ನಡುವೆ ಕಾಲಿಲ್ಲದ ಪುಟ್ಟ ಹುಳ ತೆವಳ್ತಿದ್ದರೆ ಅದನ್ನು ಬಿಟ್ಟುಬಿಡಿ ಅಂತ ಅವರಿಗೆ ತೋರಿಸಿದೆ. ಮೂಗು ಮುರಿದರು, ಆದರೆ ಪಂಪು ಕೆಳಗಿಟ್ಟರು.

ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸ್‌ಗಳ ಸೂರಿನಡಿ ಕಾಗದದಂಥ ಗೂಡು ಕಂಡರೆ ಮಾತ್ರ ಮಾತೇ ಬೇರೆ. ಅಲ್ಲಿರೋದು ಅಸಲಿ ಕಣಜ. ರೆಕ್ಕೆ ಎಣಿಸೋಕೆ ನಿಲ್ಲಬೇಡಿ.