ಹಣೆಬರಹಕ್ಕೆ ಹೊಣೆ ಯಾರು?

ನಾನು ಕೆ.ಕೆ. ಎಕ್ಸ್‌ಪ್ರೆಸ್ಸಿನಿಂದ ದೆಹಲಿಯಲ್ಲಿ ಇಳಿದದ್ದು 1978ರಲ್ಲಿ. ಊರು ಬಿಟ್ಟು ಬಂದವನಿಗೆ ಈ ಶಹರ ಕಲಿಸುತ್ತಿದ್ದ ಮೊದಲ ವಿದ್ಯೆ ಹಿಂದಿಯಲ್ಲ, ಬಸ್ಸು ಹತ್ತುವುದು. ಬಸ್ಸು ಸ್ಟಾಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ಮೂವತ್ತು ನಲವತ್ತು ಮಾರು ಮುಂದೆ ಹೋಗಿ ಸ್ವಲ್ಪ ನಿಧಾನ ಮಾಡುತ್ತಿತ್ತು, ಅಷ್ಟೇ. ಆ ಗಳಿಗೆಯಲ್ಲಿ ಓಡಬೇಕು, ಬಾಗಿಲ ಕಂಬಿ ಹಿಡಿಯಬೇಕು, ಮೊಣಕಾಲೆತ್ತರದ ಮೆಟ್ಟಿಲ ಮೇಲೆ ಒಂದು ಕಾಲು ಊರಬೇಕು. ಇನ್ನೊಂದು ಕಾಲು ದೇವರ ಪಾಲಿಗೆ. ಆರು ತಿಂಗಳಲ್ಲಿ ನಾನು ಈ ವಿದ್ಯೆಯಲ್ಲಿ ಪಾರಂಗತನಾದೆ. ರಜೆಯಲ್ಲಿ ಊರಿಗೆ ಹೋದಾಗ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಜನ ನಿಂತ ಬಸ್ಸನ್ನು ಹತ್ತುವುದು ಕಂಡು ನನಗೆ ನಗು ಬರುತ್ತಿತ್ತು.

ಆ ನಗು ಎಂಟು ವರ್ಷ ಉಳಿಯಿತು.

1986ರ ಜನವರಿಯಲ್ಲಿ ನನ್ನ ತಮ್ಮ ಒಂದು ನೌಕರಿಯ ಪರೀಕ್ಷೆಗೆಂದು ದೆಹಲಿಗೆ ಬಂದ. ಆಗ ಅವನಿಗೆ 22 ವರ್ಷ. ಬೆಳಿಗ್ಗೆ ಕಣ್ಣಿಗೆ ಕೈ ಕಾಣದಷ್ಟು ಮಂಜು. ಹೊತ್ತಾಗುತ್ತದೆಂಬ ಗಾಬರಿಯಲ್ಲಿ ಇಬ್ಬರೂ ಬಸ್ಸಿಗೆ ಕಾದೆವು. ಬಸ್ಸು ಬಂತು, ಎಂದಿನಂತೆ ಸ್ಟಾಪು ದಾಟಿ ಹೋಯಿತು, ಎಲ್ಲರೂ ಓಡಿದರು. ನಾನು ಹಾರಿ ಮೆಟ್ಟಿಲು ಹಿಡಿದೆ. ಹಿಂದೆ ತಿರುಗಿ ಕೈ ಚಾಚಿ, "ಬಾರೋ, ಬೇಗ ಹತ್ತು!" ಎಂದು ಕೂಗಿದೆ. ಅವನ ಕೈ ನನ್ನ ಕೈಗೆ ಸಿಕ್ಕಿತು. ಇಬ್ಬನಿಯಲ್ಲಿ ತೊಯ್ದ ಚಪ್ಪಲಿ ಮೆಟ್ಟಿಲ ಮೇಲೆ ಜಾರಿತು. ಉಳಿದದ್ದನ್ನು ಬರೆಯಲಾರೆ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಅಪ್ಪ ಅಮ್ಮ ಮೂರು ದಿನ ಪ್ರಯಾಣ ಮಾಡಿ ಬಂದರು. ಅಪ್ಪ ಆಸ್ಪತ್ರೆಯ ಮಂಚದ ಪಕ್ಕ ನಿಂತು, "ಹಣೆಬರಹ, ಏನು ಮಾಡೋಕಾಗುತ್ತೆ?" ಎಂದರು. ಅಮ್ಮ ಎರಡು ದಿನ ಏನೂ ಆಡಲಿಲ್ಲ. ಮೂರನೆಯ ದಿನ ನನಗೆ ಊಟ ಬಡಿಸುತ್ತಾ, "ಮೊದಲು ಅವನನ್ನ ಹತ್ತಿಸಿ ಆಮೇಲೆ ನೀನು ಹತ್ತಬಾರದಿತ್ತೇನೋ?" ಎಂದು ಕೇಳಿದಳು. ಮತ್ತೆಂದೂ ಅವಳು ಆ ಮಾತು ಎತ್ತಲಿಲ್ಲ. ನನಗೆ ಅದು ದಿನಾ ಕೇಳುತ್ತಿತ್ತು.

ತಮ್ಮನನ್ನು ಜೈಪುರಕ್ಕೆ ಕರೆದುಕೊಂಡು ಹೋಗಿ ಕೃತಕ ಕಾಲು ಹಾಕಿಸಿದೆ. ಡಾಕ್ಟರ್ ಪಿ. ಕೆ. ಸೇಠಿ ಮತ್ತು ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಸೇರಿ ರೂಪಿಸಿದ 'ಜೈಪುರ ಕಾಲು' ಹೊಲದಲ್ಲಿ ನಡೆಯುವುದಕ್ಕೂ ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದಕ್ಕೂ ಒಗ್ಗುವಂಥದು. ಅವನು ಊರಿಗೆ ಹೋಗಿ ದಿನಸಿ ಅಂಗಡಿ ಇಟ್ಟ, ಮದುವೆಯಾದ, ಸಂಸಾರ ಚೆನ್ನಾಗಿಯೇ ಬೆಳೆಯಿತು. ನನ್ನ ಲೆಕ್ಕ ಮಾತ್ರ ಚುಕ್ತಾ ಆಗಲಿಲ್ಲ. ಅಪ್ಪ ಹೇಳಿದಂತೆ ಅದು ಹಣೆಬರಹವೋ, ಅಮ್ಮ ಕೇಳಿದಂತೆ ನನ್ನ ತಪ್ಪೋ? ಈ ಎರಡರ ಆಚೆ ಮೂರನೆಯ ಉತ್ತರವೊಂದು ಇದ್ದೀತೆಂದು ನನಗೆ ಹೊಳೆದೇ ಇರಲಿಲ್ಲ.

ಅದು ಸಿಕ್ಕಿದ್ದು 2021ರ ಮೇ ತಿಂಗಳಿನಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಮನೆಯೊಳಗೆ ಕೂತಿದ್ದಾಗ. ದೆಹಲಿ ಐ.ಐ.ಟಿ.ಯ ಪ್ರೊಫೆಸರ್ ದಿನೇಶ್ ಮೋಹನ್ ತೀರಿಕೊಂಡರೆಂದು ಪತ್ರಿಕೆಯಲ್ಲಿ ಓದಿದೆ. ರಸ್ತೆಯಲ್ಲಿ ಜನ ಏಕೆ ಸಾಯುತ್ತಾರೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಅವರು ನಲವತ್ತು ವರ್ಷ ದುಡಿದಿದ್ದರು. ಅಮೆರಿಕದಲ್ಲಿ ಸಂಶೋಧನೆ ಮಾಡಿ 1979ರಲ್ಲಿ ದೆಹಲಿಗೆ ಮರಳಿದವರು. ನನ್ನ ತಮ್ಮ ಬಿದ್ದಾಗ ಅವರು ಇದೇ ಊರಿನಲ್ಲಿದ್ದರು. ಐ.ಐ.ಟಿ. ಗೇಟಿನ ಮುಂದೆ ನಾನು ನೂರಾರು ಸಲ ಬಸ್ಸಿನಲ್ಲಿ ಹಾದು ಹೋಗಿದ್ದೆ. ಆ ಗೋಡೆಯ ಒಳಗೆ ಒಬ್ಬರು ನನ್ನ ಪ್ರಶ್ನೆಯನ್ನೇ ಬಿಡಿಸುತ್ತಾ ಕೂತಿದ್ದಾರೆಂದು ಯಾರಿಗೆ ಗೊತ್ತಿತ್ತು?

ಅವರ, ಅವರ ಸಹೋದ್ಯೋಗಿ ಪ್ರೊಫೆಸರ್ ಗೀತಂ ತಿವಾರಿಯವರ ಬರಹಗಳನ್ನು ಹುಡುಕಿ ಓದತೊಡಗಿದೆ. ಲೆಕ್ಕಪತ್ರದ ಗುಮಾಸ್ತನಾಗಿದ್ದ ನನಗೆ ಎಲ್ಲವೂ ಅರ್ಥವಾಯಿತೆಂದು ಹೇಳಲಾರೆ. ಆದರೆ ಮುಖ್ಯ ಮಾತು ಸರಳವಾಗಿತ್ತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ: ಅವಸರ ಪಡುತ್ತಾನೆ, ಎಡವುತ್ತಾನೆ, ಮೈಮರೆಯುತ್ತಾನೆ. ಅವನನ್ನು ಬೈದು ತಿದ್ದುತ್ತೇವೆಂದರೆ ಆಗದು. ಒಂದು ಸಣ್ಣ ತಪ್ಪಿಗೆ ಮರಣದಂಡನೆಯಾಗದ ಹಾಗೆ ರಸ್ತೆಯನ್ನೂ ಬಸ್ಸನ್ನೂ ಕಟ್ಟಬೇಕು.

ಇದನ್ನು ಓದಿದಾಗ ನಮ್ಮ ಮಲೆನಾಡಿನ ಜ್ವರ ನೆನಪಾಯಿತು. ಅಪ್ಪನ ಕಾಲದಲ್ಲಿ ಮಲೇರಿಯಾದಿಂದ ಮನೆಗೆ ಮನೆಯೇ ಬರಿದಾದದ್ದುಂಟು. ಅದನ್ನೂ ಜನ ಹಣೆಬರಹವೆಂದರು, ದೇವರ ಕೋಪವೆಂದರು. ಸೊಳ್ಳೆಯ ಕೆಲಸವೆಂದು ಗೊತ್ತಿದ್ದವರು ಜನಕ್ಕೆ ಬುದ್ಧಿ ಹೇಳುತ್ತಾ ಕೂರಲಿಲ್ಲ. ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. ಜ್ವರ ಇಳಿಯಿತು. ರಸ್ತೆಯ ಸಾವನ್ನೂ ಹೀಗೆಯೇ ರೋಗದಂತೆ ನೋಡಬೇಕೆಂಬುದು ಈ ಸಂಶೋಧಕರ ದಾರಿ.

'ಅಕಸ್ಮಾತ್' ಎಂಬ ಮಾತಿಗೆ 'ಯಾವ ಕಾರಣವೂ ಇಲ್ಲದೆ' ಎಂದು ಅರ್ಥ. ಆದರೆ ಕಾರಣಗಳು ಎಣಿಸಲು ಸಿಗುತ್ತವೆ. ವಾಹನಗಳ ಸರಾಸರಿ ವೇಗ ನೂರಕ್ಕೆ 1ರಷ್ಟು ಏರಿದರೆ ಪ್ರಾಣ ತೆಗೆಯುವ ಅಪಘಾತಗಳು ಸುಮಾರು 4ರಷ್ಟು ಏರುತ್ತವೆ. ಹೆಲ್ಮೆಟ್ಟು ಹಾಕಿದ ಸವಾರನ ಸಾವಿನ ಸಂಭವ ನೂರಕ್ಕೆ ಸುಮಾರು 40ರಷ್ಟು ಇಳಿಯುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ದಿನಕ್ಕೆ 460ಕ್ಕೂ ಹೆಚ್ಚು. ಇಷ್ಟು ಜನರ ಹಣೆಯಲ್ಲಿ ಬ್ರಹ್ಮ ಒಂದೇ ಸಾಲು ಬರೆದನೆಂದು ನಂಬುವುದು ಹೇಗೆ?

ಇನ್ನು ಬಸ್ಸು. ನಾವು ಹತ್ತುತ್ತಿದ್ದ ಬಸ್ಸುಗಳು ನಿಜಕ್ಕೂ ಲಾರಿಗಳು. ಲಾರಿಯ ಚಾಸಿಯ ಮೇಲೆ ಬಸ್ಸಿನ ಮೈ ಕಟ್ಟಿದ್ದರಿಂದಲೇ ಮೆಟ್ಟಿಲು ಅಷ್ಟು ಎತ್ತರ. ಮುಚ್ಚುವ ಬಾಗಿಲಿಲ್ಲ. ಸುಮಾರು 2008ರಿಂದ ದೆಹಲಿಗೆ ಬಂದ ತಗ್ಗು ನೆಲದ ಬಸ್ಸುಗಳನ್ನು ನೋಡಿ: ನೆಲ ರಸ್ತೆಯಿಂದ 40 ಸೆಂಟಿಮೀಟರಿನಷ್ಟೇ ಎತ್ತರ, ಬಾಗಿಲು ಡ್ರೈವರನ ಕೈಯಲ್ಲಿ. ಬಾಗಿಲು ಮುಚ್ಚಿದ ಬಸ್ಸಿಗೆ ಓಡಿ ನೇತುಬೀಳುವುದು ಯಾರಿಂದಲೂ ಆಗದು. ಒಂದು ಬಾಗಿಲು! 1986ರಲ್ಲಿ ಆ ಬಸ್ಸಿಗೆ ಒಂದು ಬಾಗಿಲಿದ್ದಿದ್ದರೆ ಇಬ್ಬರೂ ಮುಂದಿನ ಬಸ್ಸಿಗೆ ಕಾದಿರುತ್ತಿದ್ದೆವು. ಪರೀಕ್ಷೆ ತಪ್ಪುತ್ತಿತ್ತು, ಅಷ್ಟೇ.

ಇಲ್ಲಿಗೆ ನಿಲ್ಲಿಸಿದರೆ ನಾನು ನಿರಪರಾಧಿಯಾಗಿ ತೋರುತ್ತೇನೆ. ನನ್ನ ಇನ್ನೊಂದು ಕಥೆಯನ್ನೂ ಹೇಳಬೇಕು.

2001ರಲ್ಲಿ ಸಾಲ ಮಾಡಿ ಒಂದು ಮಾರುತಿ ಕಾರು ಕೊಂಡೆ. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ, ಸುಮಾರು 6 ಕಿಲೋಮೀಟರು, ರಸ್ತೆಯ ನಡುವೆ ಬಸ್ಸಿಗೇ ಬೇರೆ ದಾರಿ ಮಾಡಿದರು. ಸೈಕಲಿಗೊಂದು ಪಟ್ಟಿ, ನಡೆಯುವವರಿಗೆ ಫುಟ್‌ಪಾತು. ಅದರ ಹಿಂದೆ ಇದೇ ಐ.ಐ.ಟಿ.ಯವರ ಅಧ್ಯಯನವಿತ್ತು. ನನ್ನ ಮಗಳ ಮನೆ ಆ ದಾರಿಯಲ್ಲಿ. ಚಿರಾಗ್ ದಿಲ್ಲಿ ಸಿಗ್ನಲಿನಲ್ಲಿ ಕಾರು ನಿಲ್ಲಿಸಿಕೊಂಡು, ಪಕ್ಕದಲ್ಲಿ ಬಸ್ಸು ಸಲೀಸಾಗಿ ಹೋಗುವುದನ್ನು ನೋಡಿ ಹಲ್ಲು ಕಡಿಯುತ್ತಿದ್ದೆ. ಪತ್ರಿಕೆಗೊಂದು ಕಾಗದ ಬರೆದೆ; ಅಚ್ಚಾಯಿತು. ಕತ್ತರಿಸಿ ಫೈಲಿನಲ್ಲಿಟ್ಟಿದ್ದೆ. ಆ ದಾರಿಯಲ್ಲಿ ಕುಂದುಕೊರತೆ ಇರಲಿಲ್ಲವೆಂದಲ್ಲ. ಸ್ಟಾಪು ರಸ್ತೆಯ ನಡುವೆ ಇದ್ದದ್ದರಿಂದ ಜನ ಕಾರುಗಳ ಸಾಲು ದಾಟಿಯೇ ಹೋಗಬೇಕಿತ್ತು. ತಿದ್ದಬಹುದಾಗಿತ್ತು. 2012ರಲ್ಲಿ ಹೈಕೋರ್ಟು ಅದರ ವಿರುದ್ಧದ ಅರ್ಜಿಯನ್ನು ತಳ್ಳಿಹಾಕಿತು. ಆದರೂ 2016ರಲ್ಲಿ ಅದನ್ನು ಕಿತ್ತುಹಾಕಿದರು. ಆ ದಿನ ನಾನು ಸಂತೋಷಪಟ್ಟೆ.

ಈಚೆಗೆ ಆ ಫೈಲು ತೆಗೆದು ನನ್ನ ಕಾಗದವನ್ನು ಮತ್ತೆ ಓದಿದೆ. "ಬಸ್ಸಿನವರಿಗಾಗಿ ನಮ್ಮ ರಸ್ತೆಯನ್ನು ಕಿತ್ತುಕೊಂಡಿದ್ದಾರೆ" ಎಂದು ಬರೆದಿದ್ದೆ. ನಮ್ಮ ರಸ್ತೆ! ಇಪ್ಪತ್ತಮೂರು ವರ್ಷ ಬಸ್ಸಿನಲ್ಲಿ ನೇತಾಡಿದವನು, ತಮ್ಮನ ಕಾಲನ್ನು ಬಸ್ಸಿನ ಚಕ್ರಕ್ಕೆ ಕೊಟ್ಟವನು, ಏಳು ವರ್ಷ ಕಾರಿನಲ್ಲಿ ಕೂತದ್ದೇ 'ಬಸ್ಸಿನವರು' ಬೇರೆ ಜಾತಿಯವರಾಗಿಬಿಟ್ಟಿದ್ದರು. ಒಂದು ಬಸ್ಸಿನಲ್ಲಿ ಐವತ್ತು ಅರವತ್ತು ಜನ. ನನ್ನ ಕಾರಿನಲ್ಲಿ ನಾನೊಬ್ಬ. ಲೆಕ್ಕಪತ್ರದ ಗುಮಾಸ್ತನಿಗೆ ಈ ಲೆಕ್ಕ ಹೊಳೆಯಲಿಲ್ಲ.

ಕಳೆದ ಯುಗಾದಿಯ ದಿನ ತಮ್ಮನಿಗೆ ಫೋನು ಮಾಡಿದಾಗ, ಇಷ್ಟು ವರ್ಷ ಆಡದ ಮಾತನ್ನು ಆಡಿದೆ. "ಅವತ್ತು ನಾನು ಹತ್ತು ಅಂತ ಕೂಗಬಾರದಿತ್ತು ಕಣೋ," ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅಂಗಡಿಯಲ್ಲಿ ಯಾರಿಗೋ ಚಿಲ್ಲರೆ ಕೊಟ್ಟ ಸದ್ದು ಕೇಳಿತು.

"ನೀನು ಕೂಗಿದ್ದೇ ನನಗೆ ನೆನಪಿಲ್ಲ ಅಣ್ಣಯ್ಯ. ಎಲ್ಲರೂ ಹಾಗೇ ಹತ್ತುತ್ತಿದ್ದರಲ್ಲ, ದೆಹಲಿಯಲ್ಲಿ ಹೀಗೇ ಅಂದ್ಕೊಂಡು ನಾನೂ ಹತ್ತಿದೆ."

ಸಂಶೋಧಕರು ಪುಟಗಟ್ಟಲೆ ಬರೆದದ್ದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ. ತಪ್ಪು ಅವನದೂ ಅಲ್ಲ, ನನ್ನದೊಬ್ಬನದೂ ಅಲ್ಲ. "ಇಲ್ಲಿ ಹೀಗೇ" ಎಂದು ಒಪ್ಪಿಕೊಂಡ ನಮ್ಮೆಲ್ಲರದು.

ನಮ್ಮ ಸಂಘದ ಕಾರ್ಯಕ್ರಮ ಮುಗಿದು ರಾತ್ರಿ ಒಂಬತ್ತಕ್ಕೆ ಹೊರಬೀಳುವ ಹಿರಿಯರಿಗೆ ನಾವೆಲ್ಲ "ರಸ್ತೆ ದಾಟುವಾಗ ಹುಷಾರು" ಎಂದು ಹೇಳಿ ಕಳುಹಿಸುತ್ತೇವೆ. ಹೇಳಬೇಕಾದದ್ದೇ. ಆದರೆ ಎದುರಿನ ರಸ್ತೆಯಲ್ಲಿ ಒಂದು ಪಾದಚಾರಿ ಸಿಗ್ನಲು, ಗಾಡಿಗಳ ವೇಗ ತಗ್ಗಿಸುವ ಒಂದು ಉಬ್ಬು ಬೇಕೆಂದು ನಾವು ಯಾರನ್ನೂ ಕೇಳಿಲ್ಲ. ನಾನೊಂದು ಅರ್ಜಿ ಬರೆದು ಸಂಘದ ಕಚೇರಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಮುಂದಿನ ಸಲ ಬಂದಾಗ ದಯವಿಟ್ಟು ಸಹಿ ಹಾಕಿ. ಕಾರಿನಲ್ಲಿ ಬರುವವರು ಮೊದಲು ಹಾಕಿ.